ಅಕೌಂಟ್ ಲಾಕ್ ತೆಗೆಯುತ್ತಾ ಸೈಬರ್ ಸೆಕ್ಯೂರಿಟಿಗೆ ಬಂದೆ

ನನ್ನ ಮೊದಲ ಕೆಲಸ ಹೆಲ್ಪ್‌ಡೆಸ್ಕ್. ಬೆಳಗಾದರೆ "ಅಕೌಂಟ್ ಲಾಕ್ ಆಗಿದೆ, ಸ್ವಲ್ಪ ನೋಡಿ" ಅಂತ ಫೋನ್. ಲಾಕ್ ತೆಗೆಯುವುದು, ಪಾಸ್‌ವರ್ಡ್ ಬದಲಿಸುವುದು, ಟಿಕೆಟ್ ಮುಚ್ಚುವುದು, ಇಷ್ಟೇ. ಒಳಗೊಳಗೇ ಹ್ಯಾಕರ್ ಆಗುವ ಆಸೆ ಇತ್ತು. ಕಪ್ಪು ಪರದೆ, ಹಸಿರು ಅಕ್ಷರ, ಅದೇ ಗುಂಗು.

ಆದರೆ ಒಬ್ಬರ ಅಕೌಂಟ್ ದಿನಕ್ಕೆ ಮೂರು ಸಲ ಲಾಕ್ ಆದಾಗ ನನಗೂ ತಲೆ ಕೆಟ್ಟಿತು. ಎಲ್ಲರ ಲಾಗಿನ್ ಪರಿಶೀಲಿಸುವ ಸರ್ವರ್, ಅಂದರೆ ಡೊಮೈನ್ ಕಂಟ್ರೋಲರ್‌ನ ಲಾಗ್ (ಏನೇನು ನಡೆಯಿತು ಅನ್ನುವ ದಾಖಲೆ) ತೆಗೆದು ನೋಡಿದೆ. ಅದರಲ್ಲಿ ಪ್ರತಿ ಬಗೆಯ ಘಟನೆಗೂ ಒಂದು ನಂಬರ್ ಇರುತ್ತದೆ. 4740 ಅನ್ನುವ ಈವೆಂಟ್ ಯಾವ ಅಕೌಂಟ್ ಲಾಕ್ ಆಯಿತು, ಯಾವ ಕಂಪ್ಯೂಟರ್‌ನಿಂದ ಆಯಿತು ಅಂತ ಹೇಳುತ್ತದೆ. ಹುಡುಕಿಕೊಂಡು ಹೋದರೆ, ಅವರು ಎಂದೋ ಬಳಸಿ ಬಿಟ್ಟಿದ್ದ ಇನ್ನೊಂದು ಕಂಪ್ಯೂಟರ್‌ನಲ್ಲಿ ಹಳೇ ಪಾಸ್‌ವರ್ಡ್ ಹಾಗೇ ಉಳಿದಿತ್ತು. ಆಮೇಲಿಂದ ಲಾಕ್ ತೆಗೆದು ಸುಮ್ನೆ ಕೂರುವುದು ನನಗೆ ಆಗಲೇ ಇಲ್ಲ. ಯಾಕೆ ಲಾಕ್ ಆಯಿತು ಅಂತ ಟಿಕೆಟ್‌ನಲ್ಲಿ ಎರಡು ಸಾಲು ಬರೆದೇ ಮುಚ್ಚುತ್ತಿದ್ದೆ. ಸೆಕ್ಯೂರಿಟಿ ಕೆಲಸದ ಇಂಟರ್‌ವ್ಯೂನಲ್ಲಿ ನನ್ನ ಕೈ ಹಿಡಿದದ್ದು ಆ ಎರಡು ಸಾಲುಗಳೇ. ಸೆಕ್ಯೂರಿಟಿ ಪ್ಲಸ್ ಅನ್ನುವ ಆರಂಭದ ಹಂತದ ಪರೀಕ್ಷೆ ಪಾಸಾಗಿದ್ದೆ, ಅದರ ಬಗ್ಗೆ ಒಂದೇ ಪ್ರಶ್ನೆ ಬಂತು.

ಹೀಗೆ ಎಸ್‌ಒಸಿಯಲ್ಲಿ, ಅಂದರೆ ದಾಳಿಗಳ ಮೇಲೆ ಹಗಲೂ ರಾತ್ರಿ ಕಣ್ಣಿಡುವ ಕೇಂದ್ರದಲ್ಲಿ, ಮೊದಲ ಹಂತದ ಅನಲಿಸ್ಟ್ ಆದೆ. ಪಾಳಿಯ ಕೆಲಸ. ಪರದೆ ತುಂಬ ಅಲರ್ಟ್‌ಗಳು, ಹೆಚ್ಚಿನವು ಹುಸಿ. ನಿಜವಾದ್ದನ್ನು ಆರಿಸಿ ಮೇಲಿನವರಿಗೆ ಕೊಡಬೇಕು. ಸಿನಿಮಾದಲ್ಲಿ ತೋರಿಸುವುದು ಇದನ್ನಲ್ಲ ಬಿಡಿ.

ಅಲ್ಲೇ ನಾನು ಎಡವಿದ್ದು. ಒಂದು ರಾತ್ರಿ 4625 ರಾಶಿ ಬಂತು. ಅಂದರೆ ಲಾಗಿನ್ ವಿಫಲ. ಗಡಿಯಾರ ಇಟ್ಟ ಹಾಗೆ ಅರ್ಧ ಗಂಟೆಗೊಮ್ಮೆ. ಇಂಥದ್ದನ್ನು ಹೆಲ್ಪ್‌ಡೆಸ್ಕ್‌ನಲ್ಲಿ ಎಷ್ಟೋ ನೋಡಿದ್ದೆ: ಸರ್ವಿಸ್ ಅಕೌಂಟ್‌ನ (ಮನುಷ್ಯರಲ್ಲ, ಪ್ರೋಗ್ರಾಂಗಳು ಬಳಸುವ ಅಕೌಂಟ್) ಪಾಸ್‌ವರ್ಡ್ ಬದಲಿಸಿರುತ್ತಾರೆ, ಟೈಮರ್ ಮೇಲೆ ಓಡುವ ಕೆಲಸಕ್ಕೆ ಹೊಸದನ್ನು ಹೇಳಿರುವುದಿಲ್ಲ. ಅದೇ ಇರಬೇಕು ಅಂತ 'ಹುಸಿ' ಎಂದು ಬರೆದು ಮುಚ್ಚಿದೆ.

ಬೆಳಿಗ್ಗೆ ಸೀನಿಯರ್ ಕರೆದು ಅದೇ ಲಾಗ್ ತೋರಿಸಿದರು. "ಟೈಮ್ ನೋಡಿದೆ ಸರಿ, ಹೆಸರಿನ ಕಾಲಂ ನೋಡಿದ್ಯಾ?" ಸರ್ವಿಸ್ ಅಕೌಂಟ್ ಆಗಿದ್ದರೆ ಒಂದೇ ಹೆಸರು ಇರಬೇಕಿತ್ತು. ಇಲ್ಲಿ ನಲವತ್ತಕ್ಕೂ ಜಾಸ್ತಿ ಹೆಸರು, ಪ್ರತಿ ಸುತ್ತಿನಲ್ಲೂ ಒಬ್ಬೊಬ್ಬರಿಗೆ ಒಂದೇ ಪ್ರಯತ್ನ. ಪಾಸ್‌ವರ್ಡ್ ಸ್ಪ್ರೇ ಅನ್ನುವುದು ಇದಕ್ಕೇ. ಒಂದೇ ಸುಲಭದ ಪಾಸ್‌ವರ್ಡನ್ನು ಎಲ್ಲರ ಮೇಲೂ ಹಾಕಿ ನೋಡುತ್ತಾರೆ, ಅಕೌಂಟ್ ಲಾಕ್ ಆಗಬಾರದೆಂದು ನಡುವೆ ಬಿಡುವು ಕೊಡುತ್ತಾರೆ. ಆ ರಾಶಿಯ ಕೊನೆಯಲ್ಲಿ ಒಂದೇ ಒಂದು 4624 (ಯಶಸ್ವಿ ಲಾಗಿನ್) ಇತ್ತು, ಲಾಗಿನ್ ಟೈಪ್ 10. ಅಂದರೆ ಯಾರೋ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಒಳಗೆ ಬಂದೇಬಿಟ್ಟಿದ್ದರು.

ಬಂದವರು ಮುಂದಕ್ಕೆ ಹೋಗುವ ಮೊದಲೇ ಸಿಕ್ಕಿಬಿದ್ದರು, ನನ್ನ ಪುಣ್ಯ. ಯಾವಾಗ ಏನಾಯಿತು ಅಂತ ಟೈಮ್‌ಲೈನ್ ಬರೆಯುವ ಕೆಲಸ ನನಗೇ ಬಂತು. ಶಿಕ್ಷೆಯೋ ಪಾಠವೋ ಗೊತ್ತಿಲ್ಲ. ಒಂದು ಕಡೆಯ ಲಾಗ್ ಯುಟಿಸಿಯಲ್ಲಿ (ಇಡೀ ಜಗತ್ತಿಗೆ ಒಂದೇ ಆದ ಸಮಯ), ಇನ್ನೊಂದು ಲೋಕಲ್ ಟೈಮ್‌ನಲ್ಲಿ. ಮೊದಲ ಕರಡಿನಲ್ಲಿ ಕಳ್ಳ ಬಾಗಿಲು ತೆರೆಯುವ ಮೊದಲೇ ಒಳಗಿದ್ದ! ಎಲ್ಲವನ್ನೂ ಯುಟಿಸಿಗೆ ತಂದ ಮೇಲೆ ಕಥೆ ಕೂಡಿಬಂತು. ಆ ಬರಹ ಓದಿಯೇ ದಾಳಿಯಾದಾಗ ತನಿಖೆ ಮಾಡಿ ಸರಿಪಡಿಸುವ ಇನ್ಸಿಡೆಂಟ್ ರೆಸ್ಪಾನ್ಸ್ ತಂಡದವರು ನನ್ನನ್ನು ಕೇಳಿ ಕರೆಸಿಕೊಂಡರು.

ಹ್ಯಾಕರ್ ಆಸೆ ಹೋಗಿರಲಿಲ್ಲ. ಓಎಸ್‌ಸಿಪಿ ಅನ್ನುವ ಹ್ಯಾಕಿಂಗ್ ಪರೀಕ್ಷೆಗೆ ಕೂತೆ. 23 ಗಂಟೆ 45 ನಿಮಿಷ ಮೆಷಿನ್‌ಗಳಿಗೆ ನುಗ್ಗುವುದು, ಆಮೇಲಿನ 24 ಗಂಟೆಯೊಳಗೆ ರಿಪೋರ್ಟ್ ಕೊಡುವುದು. ಮೊದಲ ಸಲ ಫೇಲಾದೆ. ತಯಾರಿ ಮಾಡುವಾಗ ಒಂದು ವಿಷಯ ಗೊತ್ತಾಗಿತ್ತು. ಮೆಷಿನ್ ಒಳಗೆ ನುಗ್ಗಿದ ಕೂಡಲೇ ನನ್ನ ಕೈ ಲಾಗ್ ಕಡೆ ಹೋಗುತ್ತಿತ್ತು, ಈ ದಾಳಿ ಎಲ್ಲಿ ಹೆಜ್ಜೆಗುರುತು ಬಿಟ್ಟಿದೆ ನೋಡೋಣ ಅಂತ. ಜೊತೆಗೆ ಓದುತ್ತಿದ್ದವರು ಅಷ್ಟರಲ್ಲಿ ಮುಂದಿನ ಮೆಷಿನ್‌ಗೆ ಹೋಗಿರುತ್ತಿದ್ದರು. ಎರಡನೇ ಸಲ ಕೂರಲಿಲ್ಲ. ಪೆಂಟೆಸ್ಟಿಂಗ್ (ಅನುಮತಿ ಪಡೆದು ನುಗ್ಗಿ ದೋಷ ಹುಡುಕುವುದು) ಚಿಕ್ಕ ಕೆಲಸ ಅಂತಲ್ಲ, ನನ್ನ ಕೆಲಸ ಅಲ್ಲ.

ಈಗ ಡಿಟೆಕ್ಷನ್ ಎಂಜಿನಿಯರ್. ದಾಳಿ ಹಿಡಿಯುವ ರೂಲ್ ಬರೆಯುವುದು. ನಾನು ಬರೆದ ಮೊದಲ ರೂಲ್ ಯಾವುದು ಅಂತ ಊಹಿಸಿರುತ್ತೀರಿ: ಒಂದೇ ವಿಳಾಸದಿಂದ ಒಂದು ಗಂಟೆಯೊಳಗೆ ಹತ್ತಕ್ಕಿಂತ ಹೆಚ್ಚು ಅಕೌಂಟ್‌ಗಳ ಲಾಗಿನ್ ವಿಫಲವಾದರೆ ಕೂಗು. ಮೊದಲ ದಿನವೇ ಕೂಗಿ ಕೂಗಿ ಎಲ್ಲರ ಬೈಗುಳ ತಿನ್ನಿಸಿತು. ಇಡೀ ಒಂದು ಬ್ರಾಂಚ್ ಒಂದೇ ಐಪಿ ವಿಳಾಸದಿಂದ ಹೊರಬರುತ್ತಿತ್ತು. ಸೋಮವಾರ ಬೆಳಿಗ್ಗೆ ಪಾಸ್‌ವರ್ಡ್ ಮರೆತವರೆಲ್ಲ ನನ್ನ ರೂಲ್‌ಗೆ ಕಳ್ಳರೇ. ಸರಿಮಾಡಲು ಮೂರು ವಾರ ಹಿಡಿಯಿತು.

ಕೋಡ್ ಬರದಿದ್ದರೆ ಈ ರಂಗದಲ್ಲಿ ಜಾಗವೇ ಇಲ್ಲವಾ ಅಂತ ಕೇಳುವವರಿದ್ದಾರೆ. ನಮ್ಮಲ್ಲಿ ಐಎಸ್‌ಒ 27001 ಅನ್ನುವ ಮಾಹಿತಿ ಸುರಕ್ಷತೆಯ ಮಾನದಂಡದ ಆಡಿಟ್ ನೋಡಿಕೊಳ್ಳುವವರು ಲೆಕ್ಕಪತ್ರದ ಕಡೆಯಿಂದ ಬಂದವರು. ಅವರು ದಾಖಲೆ ಕೇಳಲು ಬಂದರೆ ನಾವು ಕೋಡ್ ಬರೆಯುವವರೇ ನಡುಗುತ್ತೇವೆ. ಹಾಗೇ ಹೊಸಬರಿಗೆ ಸಿಐಎಸ್‌ಎಸ್‌ಪಿ (ಅನುಭವಿಗಳಿಗೆಂದೇ ಇರುವ ಸೆಕ್ಯೂರಿಟಿ ಸರ್ಟಿಫಿಕೇಟ್) ಬೇಕು ಅಂತ ಜಾಹೀರಾತು ಕಂಡರೆ ಹೆದರಬೇಡಿ. ಪೂರ್ತಿ ಸರ್ಟಿಫಿಕೇಟ್‌ಗೆ 5 ವರ್ಷದ ಅನುಭವ ಕೇಳುತ್ತಾರೆ, ಸಂಬಂಧಪಟ್ಟ ವಿಷಯದಲ್ಲಿ ಪದವಿ ಇದ್ದರೆ ಒಂದು ವರ್ಷ ಬಿಡುತ್ತಾರೆ, ಅಷ್ಟೇ. ಆ ಜಾಹೀರಾತು ಬರೆದವರಿಗೆ ಇದು ಗೊತ್ತಿಲ್ಲ.

ಈಗ ಇಂಟರ್‌ವ್ಯೂ ಮಾಡುವ ಪಾಳಿ ನನ್ನದು. ಹತ್ತು ಸಾಲು ಲಾಗ್ ಕೊಟ್ಟು ಏನನ್ನಿಸುತ್ತದೆ ಅಂತ ಕೇಳುತ್ತೇನೆ. ಹೆಚ್ಚಿನವರು ದಾಳಿಯ ಹೆಸರು ಹೇಳಲು ಓಡುತ್ತಾರೆ. ಮೊನ್ನೆ ಹೆಲ್ಪ್‌ಡೆಸ್ಕ್‌ನಿಂದ ಬಂದ ಒಬ್ಬ ಹುಡುಗಿ ಕಾಗದವನ್ನು ಎರಡು ಸಲ ತಿರುಗಿಸಿ ನೋಡಿ ಕೇಳಿದಳು: "ಸರ್, ಈ ಟೈಮ್ ಯುಟಿಸಿಯಾ, ಲೋಕಲ್ಲಾ?"