ನ್ಯೂಯಾರ್ಕಿನಲ್ಲಿ ಕಂಪನಿ ನೋಂದಣಿ: ಮೂರನೆಯ ಸಲ 135 ಡಾಲರಿನಲ್ಲಿ ಮುಗಿಸಿದ್ದು

ವಕೀಲರ ನೆರವಿಲ್ಲದೆ, ಎಲ್‌ಎಲ್‌ಸಿ ಎಂಬ, ಷೇರುಗಳ ಗೋಜಿಲ್ಲದ ಸೀಮಿತ ಹೊಣೆಯ ಕಂಪನಿಯ ಗೊಡವೆಗೂ ಹೋಗದೆ, ನ್ಯೂಯಾರ್ಕ್ ರಾಜ್ಯದಲ್ಲಿಯೇ ಹಳೆಯ ಮಾದರಿಯ, ಷೇರುಗಳುಳ್ಳ ಕಾರ್ಪೊರೇಷನ್ ಒಂದನ್ನು ನಾನೇ ನೋಂದಾಯಿಸುತ್ತೇನೆ ಎಂದು ಯುಗಾದಿಯ ಊಟದ ಪಂಕ್ತಿಯಲ್ಲಿ ಕುಳಿತು ಹೇಳಿದಾಗ ಅಕ್ಕಪಕ್ಕದವರು ನಕ್ಕರು. ‘ಈ ಕಾಲದಲ್ಲಿ ಯಾರು ಕಾರ್ಪೊರೇಷನ್ ಮಾಡುತ್ತಾರೆ?’ ಎಂದವರೊಬ್ಬರು, ‘ಮಾಡುವುದಾದರೆ ಡೆಲಾವೇರಿನಲ್ಲಿ ಮಾಡಿ ಸ್ವಾಮಿ’ ಎಂದವರೊಬ್ಬರು. ಅವರು ಹೇಳಿದ ಎರಡು ದಾರಿಗಳಲ್ಲಿಯೂ ಅಷ್ಟರಲ್ಲಾಗಲೇ ನಡೆದು ಕೈ ಸುಟ್ಟುಕೊಂಡಿದ್ದೆ ಎಂಬುದನ್ನು ಆ ದಿನ ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ, ಏಕೆಂದರೆ ನನ್ನ ಕಂಪನಿ 2025ರ ಮಾರ್ಚಿನಲ್ಲಿ ಎರಡು ವರ್ಷ ಪೂರೈಸಿ, ರಾಜ್ಯಕ್ಕೆ ಕೊಡಬೇಕಾದ ಮೊದಲ ದ್ವೈವಾರ್ಷಿಕ ವಿವರವನ್ನೂ 9 ಡಾಲರ್ ತೆತ್ತು ಸಲ್ಲಿಸಿದೆ.

ನನ್ನ ವ್ಯವಹಾರ ದೊಡ್ಡದೇನಲ್ಲ. ಇಡ್ಲಿ ದೋಸೆಯ ಹಿಟ್ಟು ರುಬ್ಬುವ ಗ್ರೈಂಡರುಗಳನ್ನು, ಇಲ್ಲಿನ ವಿದ್ಯುತ್ತಿಗೆ ಹೊಂದುವ ಮೋಟಾರಿನವನ್ನೇ ಆರಿಸಿ, ತರಿಸಿ ಮಾರುವುದು, ಕೆಟ್ಟವನ್ನು ರಿಪೇರಿ ಮಾಡಿಕೊಡುವುದು, ಇಷ್ಟೆ. ಮೊದಲು ನನ್ನ ಸ್ವಂತ ಹೆಸರಿನಲ್ಲಿಯೇ ನಡೆಯುತ್ತಿತ್ತು. 2018ರಲ್ಲಿ ಒಬ್ಬ ಗಿರಾಕಿಯ ಕಾಲ ಮೇಲೆ ಗುಂಡುಕಲ್ಲು ಜಾರಿ ಬಿದ್ದು, ಅವರು ವಕೀಲರ ಮಾತೆತ್ತಿದರು. ಕೊನೆಗೆ ಅದು ಮಾತಿನಲ್ಲಿಯೇ ಮುಗಿಯಿತಾದರೂ, ಮನೆ ಮಾರಿ ದಂಡ ಕಟ್ಟುವ ಕನಸು ನನಗೆ ಕೆಲವು ರಾತ್ರಿ ಬಿತ್ತು.

ಆಗ ನಾವು ಕ್ವೀನ್ಸಿನಲ್ಲಿ, ಫ್ಲಶಿಂಗ್ ಗಣೇಶ ದೇವಸ್ಥಾನದಿಂದ ನಡೆದು ಹೋಗುವಷ್ಟು ದೂರದಲ್ಲಿದ್ದೆವು. ವ್ಯವಹಾರದ ಹೊಣೆ ಮನೆಗೆ ತಟ್ಟದಿರಲೆಂದು 2019ರಲ್ಲಿ 200 ಡಾಲರ್ ಕಟ್ಟಿ ಎಲ್‌ಎಲ್‌ಸಿ ಮಾಡಿಸಿದೆ. ಬಹುತೇಕ ರಾಜ್ಯಗಳಲ್ಲಿ ಕತೆ ಅಲ್ಲಿಗೆ ಮುಗಿಯುತ್ತದೆ; ನ್ಯೂಯಾರ್ಕಿನಲ್ಲಿ ಅಲ್ಲಿಂದ ಶುರುವಾಗುತ್ತದೆ. ಎಲ್‌ಎಲ್‌ಸಿ ಹುಟ್ಟಿದ 120 ದಿನಗಳೊಳಗೆ, ಕೌಂಟಿಯ (ಇಲ್ಲಿನ ಜಿಲ್ಲೆಯ) ಕ್ಲರ್ಕ್ ಸೂಚಿಸಿದ ಒಂದು ದಿನಪತ್ರಿಕೆ ಮತ್ತು ಒಂದು ವಾರಪತ್ರಿಕೆಯಲ್ಲಿ ಸತತವಾಗಿ ಆರು ವಾರ ಪ್ರಕಟಣೆ ಕೊಟ್ಟು, ಪತ್ರಿಕೆಗಳವರ ಪ್ರಮಾಣಪತ್ರದೊಡನೆ ಮತ್ತೆ 50 ಡಾಲರ್ ಕಟ್ಟಬೇಕು. ನನಗೆ ಬಂದ ದರಪಟ್ಟಿ, ನೆನಪಿನಿಂದ ಹೇಳುವುದಾದರೆ, ಎರಡು ಪತ್ರಿಕೆ ಸೇರಿ ಸಾವಿರದ ನೂರರ ಆಸುಪಾಸು. ಆ ವರ್ಷದ ನನ್ನ ನಿವ್ವಳ ಲಾಭ ಅದರ ಮೂರರಷ್ಟೂ ಇರಲಿಲ್ಲ. ಪ್ರಕಟಿಸದಿದ್ದರೆ ಎಲ್‌ಎಲ್‌ಸಿ ಸಾಯುವುದಿಲ್ಲ, ಆದರೆ ವ್ಯವಹಾರ ನಡೆಸುವ ಅದರ ಅಧಿಕಾರ ಅಮಾನತಾಗುತ್ತದೆ, ಬಾಕಿದಾರರ ಮೇಲೆ ಮೊಕದ್ದಮೆ ಹೂಡಲು ಬರುವುದಿಲ್ಲ. ಆಲ್ಬನಿ ಕೌಂಟಿಯಲ್ಲಿ ಜಾಹೀರಾತು ಅಗ್ಗ ಎಂಬುದನ್ನು ಬಳಸಿಕೊಂಡು ಈ ಖರ್ಚನ್ನು ಕಾಲು ಭಾಗಕ್ಕೆ ಇಳಿಸುವ ಉಪಾಯವೊಂದಿದೆ. ಅದರ ಪೂರ್ತಿ ವಿವರ ಇಲ್ಲಿ ಬೇಡ, ಬೇಕಾದವರು ಕಾಫಿಗೆ ಕರೆಯಲಿ. ನನಗೆ ಅದು ತಿಳಿಯುವ ಹೊತ್ತಿಗೆ 120 ದಿನ ದಾಟಿತ್ತು.

ಅದೇ ವರ್ಷ ಮಾಡಿದ ಇನ್ನೊಂದು ಪೆದ್ದತನವನ್ನೂ ಹೇಳಿಬಿಡುತ್ತೇನೆ. ಸರ್ಕಾರದ ಮುದ್ರೆಯಂತೆ ಕಾಣುವ ಚಿತ್ರವಿದ್ದ ಲಕೋಟೆಯೊಂದು ಬಂದು, ಪ್ರಮಾಣಪತ್ರಕ್ಕೆಂದು ನೂರಕ್ಕೂ ಹೆಚ್ಚು ಡಾಲರ್ ಕೇಳಿತು. ಕಟ್ಟಿದೆ. ಅದು ಯಾವ ಸರ್ಕಾರಿ ಕಚೇರಿಯದೂ ಆಗಿರಲಿಲ್ಲ.

2020ರಲ್ಲಿ ಗೆಳೆಯನ ಮಾತು ಕೇಳಿ ಡೆಲಾವೇರ್ ಕಾರ್ಪೊರೇಷನ್ ಮಾಡಿದೆ. ಆನ್‌ಲೈನ್ ಸೇವೆಯೊಂದು ಕೊಟ್ಟ ನಮೂನೆಯಲ್ಲಿ ಅಧಿಕೃತ ಷೇರುಗಳ, ಎಂದರೆ ಕಂಪನಿ ಹೆಚ್ಚೆಂದರೆ ವಿತರಿಸಬಹುದಾದ ಷೇರುಗಳ, ಸಂಖ್ಯೆ ಒಂದು ಕೋಟಿ ಎಂದು ಮೊದಲೇ ಭರ್ತಿಯಾಗಿತ್ತು. ಅಂಕಿ ದೊಡ್ಡದಾಗಿ ಕಂಡದ್ದರಿಂದ ಖುಷಿಯಾಗಿ ಹಾಗೆಯೇ ಬಿಟ್ಟೆ. ಮರುವರ್ಷ ಮಾರ್ಚ್ 1ರ ಗಡುವಿಗೆ ಮುಂಚೆ ಬಂದ ಫ್ರಾಂಚೈಸ್ ತೆರಿಗೆಯ (ಆ ರಾಜ್ಯದ ಕಂಪನಿಯಾಗಿರುವುದಕ್ಕೇ ಕಟ್ಟುವ ವಾರ್ಷಿಕ ತೆರಿಗೆ) ನೋಟೀಸಿನಲ್ಲಿದ್ದ ಮೊತ್ತ 85,165 ಡಾಲರ್. ಅಂಕಿಯನ್ನು ಮೂರು ಸಲ ಓದಿ ನೀರು ಕುಡಿದೆ. ಷೇರುಗಳ ಸಂಖ್ಯೆಯ ಮೇಲೆ ಲೆಕ್ಕ ಹಾಕಿದರೆ ಅಷ್ಟಾಗುತ್ತದೆ, ಕಂಪನಿಯ ಆಸ್ತಿಯ ಮೇಲೆ ಹಾಕುವ ಇನ್ನೊಂದು ವಿಧಾನದಲ್ಲಿ ಕನಿಷ್ಠ 400 ಡಾಲರಿಗೆ ಇಳಿಯುತ್ತದೆ ಎಂಬುದು ಬಲ್ಲವರಿಗೆ ಗೊತ್ತು. ಆದರೆ ಆ ಇಳಿತ ಸಿಗಬೇಕಾದರೆ ಅಧಿಕೃತ ಷೇರುಗಳಲ್ಲಿ ಬಹುಪಾಲನ್ನು ನಿಜವಾಗಿ ವಿತರಿಸಿರಬೇಕು. ನಾನು ತೊಂಬತ್ತು ಲಕ್ಷವನ್ನು ನನ್ನ ಹೆಸರಿಗೇ ಬರೆದುಕೊಂಡಿದ್ದರಿಂದ ಬಚಾವಾದೆ, ಜಾಣತನದಿಂದಲ್ಲ. ಆ 400ರ ಮೇಲೆ ವಾರ್ಷಿಕ ವರದಿಗೆ 50, ಕಂಪನಿಯ ಪರವಾಗಿ ನ್ಯಾಯಾಲಯದ ಕಾಗದ ಸ್ವೀಕರಿಸುವ ಅಲ್ಲಿನ ನೋಂದಾಯಿತ ಏಜೆಂಟಿಗೆ ನೂರರಷ್ಟು. ಸರಕು ನ್ಯೂಯಾರ್ಕಿನಲ್ಲಿ, ಗಿರಾಕಿಗಳು ನ್ಯೂಯಾರ್ಕಿನಲ್ಲಿ ಆದ್ದರಿಂದ ಇಲ್ಲಿ ‘ಹೊರರಾಜ್ಯದ ಕಂಪನಿ’ ಎಂದು ಅನುಮತಿ ಪಡೆಯಲು ಇನ್ನೂ 225. ಹೂಡಿಕೆದಾರರ ಹಣ ಎತ್ತುವವರಿಗೆ ಡೆಲಾವೇರ್ ಸರಿ ಇರಬಹುದು. ಗ್ರೈಂಡರಿನ ಬೆಲ್ಟ್ ಬದಲಿಸುವವನಿಗೆ ಅದು ಬೀಗರ ಮನೆಯ ಬಾಡಿಗೆಯನ್ನೂ ತಾನೇ ಕಟ್ಟಿದ ಹಾಗೆ. ಮುಚ್ಚಿದೆ. ಮುಚ್ಚುವುದಕ್ಕೂ ದುಡ್ಡು ಹೋಯಿತು.

2022ರ ಕೊನೆಗೆ ಮನೆಯನ್ನು ನಾಸೌ ಕೌಂಟಿಯ ಹಿಕ್ಸ್‌ವಿಲ್‌ಗೆ ಬದಲಿಸಿದೆವು. ಇದು ಈ ವಿಷಯಕ್ಕೆ ಸಂಬಂಧಪಡದ ಮಾತಲ್ಲ. ಲಾಭದ ತೆರಿಗೆಯನ್ನು ಕಂಪನಿಯ ಬದಲು ಷೇರುದಾರರೇ ಕಟ್ಟುವ ಎಸ್ ಕಾರ್ಪೊರೇಷನ್ನನ್ನು ಒಕ್ಕೂಟ ಸರ್ಕಾರವೂ ರಾಜ್ಯವೂ ಒಪ್ಪುತ್ತವೆ, ನ್ಯೂಯಾರ್ಕ್ ನಗರ ಒಪ್ಪುವುದಿಲ್ಲ. ನಗರದೊಳಗಿದ್ದರೆ ಅದರ ಮೇಲೆ ಶೇ 8.85ರ ನಗರ ತೆರಿಗೆ ಬೀಳುತ್ತದೆ. ನಗರದ ಗಡಿ ದಾಟಿದ ಮೇಲೆ ನನ್ನ ಲೆಕ್ಕವೇ ಬೇರೆಯಾಯಿತು. ಪತ್ರಿಕಾ ಪ್ರಕಟಣೆಯ ನಿಯಮ ಎಲ್‌ಎಲ್‌ಸಿಗೆ ಇದೆ, ಕಾರ್ಪೊರೇಷನ್ನಿಗೆ ಇಲ್ಲ. ಕಾರ್ಪೊರೇಷನ್ನಿನ ನೋಂದಣಿ ಶುಲ್ಕ 125 ಡಾಲರ್, ಷೇರುಗಳ ಮೇಲಿನ ತೆರಿಗೆ ಕನಿಷ್ಠ 10. ಮುಖಬೆಲೆಯಿಲ್ಲದ ಷೇರಿಗೆ ಐದು ಸೆಂಟಿನಂತೆ, ಆ ಹತ್ತು ಡಾಲರಿನಲ್ಲಿ ಸರಿಯಾಗಿ 200 ಷೇರು ಸಿಗುತ್ತವೆ. ಒಂದು ಕೋಟಿಯಿಂದ ಇನ್ನೂರಕ್ಕೆ ಇಳಿದದ್ದರಲ್ಲಿ ನನಗೆ ಸಿಕ್ಕ ನೆಮ್ಮದಿಯನ್ನು ಹೇಳತೀರದು. ಏಜೆಂಟಿನ ಖರ್ಚೂ ಇಲ್ಲ, ಏಕೆಂದರೆ ಇಲ್ಲಿ ಸೆಕ್ರೆಟರಿ ಆಫ್ ಸ್ಟೇಟ್ ಅವರೇ ಕಂಪನಿಯ ಪರವಾಗಿ ನ್ಯಾಯಾಲಯದ ಕಾಗದ ಸ್ವೀಕರಿಸಿ, ನಾವು ಕೊಟ್ಟ ವಿಳಾಸಕ್ಕೆ ಕಳಿಸುತ್ತಾರೆ.

ಕಂಪನಿ ಸ್ಥಾಪನೆಯ ಪ್ರಮಾಣಪತ್ರದಲ್ಲಿ ಬರೆಯಬೇಕಾದದ್ದು ಅತಿ ಕಡಿಮೆ: ಹೆಸರು, ಉದ್ದೇಶ, ಕೌಂಟಿ, ಷೇರು, ವಿಳಾಸ, ಸಹಿ. ಆದರೂ ಮೊದಲ ಅರ್ಜಿ ವಾಪಸು ಬಂತು. ನನ್ನ ಹೆಂಡತಿಗೆ ಗ್ರೈಂಡರ್ ಕೊಂಡವರಿಗೆ ಹಿಟ್ಟು ಹದ ಮಾಡುವ ಪಾಠ ಹೇಳಬೇಕೆಂಬ ಆಸೆ ಇದ್ದುದರಿಂದ ಹೆಸರಿನಲ್ಲಿ ‘ಸ್ಕೂಲ್’ ಎಂಬ ಪದ ಸೇರಿಸಿದ್ದೆವು. ಆ ಪದಕ್ಕೆ ರಾಜ್ಯದ ಶಿಕ್ಷಣ ಇಲಾಖೆಯ ಒಪ್ಪಿಗೆ ಬೇಕು. ಉದ್ದಿನ ಬೇಳೆ ನೆನೆಸುವುದಕ್ಕೆ ಶಿಕ್ಷಣ ಇಲಾಖೆಯ ಬಾಗಿಲು ತಟ್ಟುವ ಧೈರ್ಯ ನನಗಿರಲಿಲ್ಲ. ಮೂರು ವಾರ ದಂಡವಾಯಿತು. ಎರಡನೆಯ ಸಲ ಆ ಪದ ತೆಗೆದು, 24 ಗಂಟೆಯ ತ್ವರಿತ ಸೇವೆಗೆ 25 ಡಾಲರ್ ಸೇರಿಸಿ ಕಳಿಸಿದೆ, ಆಯಿತು. ಅಂಗಡಿಗೆ ಇಟ್ಟಿದ್ದ ಅಚ್ಚಗನ್ನಡದ ಹೆಸರನ್ನು ಬಿಡಲು ಮನಸ್ಸು ಬಾರದೆ, ಅದನ್ನು ವ್ಯವಹಾರದ ಇನ್ನೊಂದು ಹೆಸರಾಗಿ ಬೇರೆಯಾಗಿ ದಾಖಲಿಸಿದೆ: ರಾಜ್ಯಕ್ಕೆ 25, ನಮ್ಮ ಕೌಂಟಿಗೆ 25. ಮುಚ್ಚಳಿಕೆಯಂತಿರುವ ಆ ಫೈಲಿಂಗ್ ರಸೀದಿಯನ್ನು ಮಾತ್ರ ಕಳೆಯಬೇಡಿ, ಅದರ ಎರಡನೆಯ ಪ್ರತಿ ಸಿಗುವುದಿಲ್ಲ. ನನ್ನದು ಹೆಂಡತಿಯ ರೇಷ್ಮೆ ಸೀರೆಗಳ ಪಕ್ಕದಲ್ಲಿದೆ.

ನಂತರದ ಕೆಲಸಗಳಲ್ಲಿ ತೆರಿಗೆಗೆ ಬೇಕಾದ ಕಂಪನಿಯ ಗುರುತಿನ ಸಂಖ್ಯೆಯಾದ ಇಐಎನ್ ಒಕ್ಕೂಟದ ತೆರಿಗೆ ಇಲಾಖೆಯಾದ ಐಆರ್‌ಎಸ್ ತಾಣದಲ್ಲಿ ಪುಕ್ಕಟೆಯಾಗಿ ಹತ್ತು ನಿಮಿಷಕ್ಕೆ ಸಿಕ್ಕಿತು, ಮಾರಾಟ ತೆರಿಗೆಯ ಪ್ರಮಾಣಪತ್ರಕ್ಕೂ ಶುಲ್ಕವಿಲ್ಲ. ಬೈಲಾ, ಮಿನಿಟ್ಸ್, ಷೇರು ದಾಖಲೆಗಳ ಚರ್ಮದ ಪೆಟ್ಟಿಗೆಯನ್ನು 80 ಡಾಲರಿಗೆ ಮಾರುವವರಿದ್ದಾರೆ. ನಾನು ಗಟ್ಟಿ ರಟ್ಟಿನ ಒಂದು ಲೆಕ್ಕದ ಪುಸ್ತಕದಲ್ಲಿ ಬರೆದೆ, ಬ್ಯಾಂಕಿನವರು ಅದನ್ನು ತಿರುವಿ ನೋಡಿ ಖಾತೆ ತೆರೆದರು.

ಎಡವಿದ್ದು ಷೇರು ಹಂಚಿಕೆಯಲ್ಲಿ. ಮೈಸೂರಿನಲ್ಲಿರುವ ತಮ್ಮ ಮೊದಲಿನಿಂದಲೂ ಬಿಡಿಭಾಗ ಹುಡುಕಿ ಕಳಿಸಿದವನು. ಅವನಿಗೆ 20 ಷೇರು ಕೊಡಬೇಕೆಂದು ಪುಸ್ತಕದಲ್ಲಿ ಬರೆದೂ ಆಗಿತ್ತು. ಅಮೆರಿಕದ ನಿವಾಸಿಯಲ್ಲದ ವಿದೇಶೀಯನೊಬ್ಬ ಷೇರುದಾರನಾದರೆ ಎಸ್ ಸ್ಥಾನವೇ ಸಿಗುವುದಿಲ್ಲ ಎಂಬುದು ಆ ಸ್ಥಾನ ಕೋರುವ 2553 ನಮೂನೆ ತುಂಬುವಾಗ ಕಣ್ಣಿಗೆ ಬಿತ್ತು. ಪುಣ್ಯಕ್ಕೆ ಷೇರುಪತ್ರ ಕೊಟ್ಟಿರಲಿಲ್ಲ. ‘ಅಣ್ಣ, ನನಗೆ ಷೇರು ಬೇಡ, ಕಮಿಷನ್ ಕೊಡು’ ಎಂದ. ಈಗ ಷೇರಿನಿಂದ ಬರುತ್ತಿದ್ದುದಕ್ಕಿಂತ ಹೆಚ್ಚೇ ಒಯ್ಯುತ್ತಾನೆ. 200 ಷೇರುಗಳೂ ನನ್ನ ಮತ್ತು ಹೆಂಡತಿಯ ನಡುವೆಯೇ ಉಳಿದವು, ಇಬ್ಬರೂ ಪದಾಧಿಕಾರಿಗಳಾದ್ದರಿಂದ ಮತ್ತು ಬೇರೆ ನೌಕರರಿಲ್ಲದ್ದರಿಂದ ಕಾರ್ಮಿಕ ಪರಿಹಾರ ವಿಮೆಯ ಕಂತೂ ತಪ್ಪಿತು. 2553 ನಮೂನೆಯನ್ನು ಎರಡು ತಿಂಗಳು ಹದಿನೈದು ದಿನಗಳ ಗಡುವಿನೊಳಗೆ, ಸುಮಾರು ಎಪ್ಪತ್ತನೆಯ ದಿನ ಫ್ಯಾಕ್ಸ್ ಮಾಡಿದೆ. ಒಕ್ಕೂಟ ಒಪ್ಪಿದರೆ ರಾಜ್ಯವೂ ಒಪ್ಪಿದಂತೆ ಎಂದುಕೊಂಡದ್ದೇ ತಪ್ಪು. ರಾಜ್ಯಕ್ಕೆ ಸಿಟಿ-6 ಎಂಬ ಬೇರೆ ನಮೂನೆ ಇದೆ. ಅದನ್ನು ಮರೆತು ಮೊದಲ ವರ್ಷ ರಾಜ್ಯದ ಮಟ್ಟಿಗೆ ಸಾಧಾರಣ ಕಾರ್ಪೊರೇಷನ್ನಿನಂತೆ ಲೆಕ್ಕ ಒಪ್ಪಿಸಿದೆವು. ತೆರಿಗೆ ಹೆಚ್ಚೇನೂ ಬರಲಿಲ್ಲ, ಆಡಿಟರಿಗೆ ಮಾತ್ರ ನಾನ್ನೂರರಷ್ಟು ಹೆಚ್ಚುವರಿ ಹೋಯಿತು. ಎರಡನೆಯ ವರ್ಷದಿಂದ, ರಾಜ್ಯದೊಳಗಿನ ವಹಿವಾಟು ಒಂದು ಲಕ್ಷ ದಾಟದ್ದರಿಂದ, ರಾಜ್ಯದ ಕನಿಷ್ಠ ತೆರಿಗೆ 25 ಡಾಲರ್. ಸಂಬಳವೆಷ್ಟು, ಲಾಭಾಂಶವೆಷ್ಟು ಎಂದು ನಾನು ಹೇಗೆ ಭಾಗ ಮಾಡಿದೆ ಎಂಬುದು ನನಗೂ ಆಡಿಟರಿಗೂ ಬಿಟ್ಟ ವಿಚಾರ.

ರಕ್ಷಣೆಯ ವಿಷಯದಲ್ಲಿ ಒಂದು ಮಾತನ್ನು ಕಾರ್ಪೊರೇಷನ್ ಮಾಡುವವರು ತಿಳಿದಿರಬೇಕು. ಈ ರಾಜ್ಯದ ಖಾಸಗಿ ಕಾರ್ಪೊರೇಷನ್ನುಗಳಲ್ಲಿ ನೌಕರರ ಸಂಬಳ ಬಾಕಿ ಉಳಿದರೆ, ಅತಿ ಹೆಚ್ಚು ಷೇರುಳ್ಳ ಹತ್ತು ಮಂದಿಯ ಸ್ವಂತ ಜೇಬಿಗೆ ಕೈ ಹಾಕಲು ಕಾನೂನು ಬಿಡುತ್ತದೆ. ಹತ್ತು ಮಂದಿಯಲ್ಲಿ ನಾವಿಬ್ಬರೇ ಇರುವುದರಿಂದ, ವಾರಾಂತ್ಯಕ್ಕೆ ಒಬ್ಬ ಹುಡುಗನನ್ನು ನೇಮಿಸಿಕೊಳ್ಳುವ ಯೋಚನೆಯನ್ನು ಸದ್ಯಕ್ಕೆ ಮುಂದೂಡಿದ್ದೇವೆ.

ಮೂರನೆಯ ಸಲದ ನೋಂದಣಿಗೆ ಆ 135ರ ಮೇಲೆ ತ್ವರಿತ ಸೇವೆ, ದೃಢೀಕೃತ ಪ್ರತಿಯ 10 ಡಾಲರ್, ಎರಡನೆಯ ಹೆಸರು ಎಲ್ಲ ಸೇರಿ ಸುಮಾರು 220 ಆಯಿತು. ಮೊದಲ ಎರಡಕ್ಕೆ ಹೋದದ್ದನ್ನು ಕೂಡಿಸಲು ಹೆಂಡತಿ ಬಿಡುವುದಿಲ್ಲ. ಡೆಲಾವೇರ್ ಎಂದಿದ್ದ ಮಹಾಶಯರು ಕಳೆದ ತಿಂಗಳು ಫೋನು ಮಾಡಿ, ಪ್ರಮಾಣಪತ್ರದ ಪ್ರತಿಯೊಂದನ್ನು ನೋಡಲು ಕೊಡುತ್ತೀರಾ ಎಂದು ಕೇಳಿದರು. ಕಳಿಸಿದೆ, ಷೇರಿನ ಸಂಖ್ಯೆಯ ಜಾಗಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ.