ಘಾಟಿ ಸುಲಭ, ಮದುವೆ ಹಾಲ್ ಕಷ್ಟ

ಏಳು ತಿಂಗಳ ಮಗಳನ್ನು ಎತ್ತಿಕೊಂಡು ಬೆಂಗಳೂರಿನಿಂದ ಉಡುಪಿಗೆ ದೊಡ್ಡಪ್ಪನ ಮಗಳ ಮದುವೆಗೆ ಹೊರಟಾಗ ಎಲ್ಲರೂ ಹೆದರಿಸಿದ್ದು ಘಾಟಿಯ ಹೆಸರು ಹೇಳಿ. ಶಿರಾಡಿಯ ತಿರುವು, ವಾಂತಿ, ಮೇ ತಿಂಗಳ ಸೆಕೆ. ಹೋಗಿ ಬಂದವಳಾಗಿ ಹೇಳುತ್ತೇನೆ, ದಾರಿಯ ಬಗ್ಗೆ ಅಷ್ಟು ತಲೆಬಿಸಿ ಬೇಡ. ನಿಜವಾದ ತಯಾರಿ ಬೇಕಾದದ್ದು ಹಾಲ್‌ನೊಳಗಿನ ನಾಲ್ಕೈದು ಗಂಟೆಗೆ.

ದಾರಿಯ ವಿಷಯ ಬೇಗ ಮುಗಿಸುತ್ತೇನೆ. ನಾವು ಹೋದದ್ದು ಪಂಚಗಂಗಾ ಎಕ್ಸ್‌ಪ್ರೆಸ್‌ನಲ್ಲಿ. ಸಂಜೆ ಬೆಂಗಳೂರಿನಲ್ಲಿ ಹತ್ತಿದರೆ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿಲೋಮೀಟರ್ ಘಾಟಿ ನಿದ್ದೆಯಲ್ಲೇ ಕಳೆಯುತ್ತದೆ. ರೈಲು ಅಲ್ಲಿ ತೀರಾ ನಿಧಾನವಾಗಿ ಇಳಿಯುವುದರಿಂದ ಮಗುವಿಗೆ ಕಿವಿ ಕಟ್ಟುವ ಭಯ ಕಡಿಮೆ. ಎಚ್ಚರವಾದರೆ ಹಾಲು ಕೊಟ್ಟರಾಯಿತು, ನುಂಗುವಾಗ ಕಿವಿ ತೆರೆದುಕೊಳ್ಳುತ್ತದೆ. ಐದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ, ಆದರೆ ಬರ್ತೂ ಇಲ್ಲ. ಹಾಗಾಗಿ ಲೋವರ್ ಬರ್ತ್ ಸಿಗುವ ದಿನ ನೋಡಿಯೇ ಬುಕ್ ಮಾಡಿದೆವು. ಮಗು ಗೋಡೆಯ ಕಡೆ, ನಾನು ಈಚೆ ಕಡೆ. ಹಗಲಿನ ರೈಲಿನಲ್ಲಿ 57 ಸುರಂಗ ನೋಡಬಹುದು, ಚಂದವೂ ಹೌದು. ಆದರೆ ಸುರಂಗ ಬಂದಾಗಲೆಲ್ಲ ಬೊಬ್ಬೆ ಹಾಕುವ ಬೋಗಿಯಲ್ಲಿ ಮಗು ಮಲಗುವುದುಂಟೇ?

ಮದುವೆಗೆ ಎರಡು ದಿನ ಮೊದಲೇ ಉಡುಪಿಯ ಇಂದ್ರಾಳಿ ಸ್ಟೇಷನ್ನಿನಲ್ಲಿ ಇಳಿದೆವು. ಬೆಂಗಳೂರಿನಲ್ಲಿ ಬೆಳೆದ ಮಗುವಿಗೆ ಕರಾವಳಿಯ ಸೆಕೆ ಅಭ್ಯಾಸವಾಗಲು ಅಷ್ಟಾದರೂ ಬೇಕು. ಆಗಾಗ ಬೆನ್ನು ಮುಟ್ಟಿ ನೋಡುವುದು, ಬೆವರಿಗೆ ಒದ್ದೆಯಾಗಿದ್ದರೆ ಅಂಗಿ ಬದಲಿಸುವುದು, ಕುತ್ತಿಗೆಯ ಮಡಿಕೆಯನ್ನು ಬೈರಾಸಿನಿಂದ ಒತ್ತಿ ಒರೆಸಿ ಗಾಳಿಗೆ ಬಿಡುವುದು. ಇಷ್ಟರಲ್ಲೇ ಬೆವರುಸಾಲೆ ಏಳಲಿಲ್ಲ. ಪೌಡರ್ ಮುಟ್ಟಲಿಲ್ಲ. ಬೆವರಿಗೆ ಅದು ಮಡಿಕೆಯಲ್ಲಿ ಮುದ್ದೆಯಾಗುತ್ತದೆ, ಹುಡಿ ಉಸಿರಿನೊಂದಿಗೆ ಒಳಗೂ ಹೋಗುತ್ತದೆ. ಅಜ್ಜನ ಹಳೆಯ ಮುಂಡಿನಿಂದ ಅಮ್ಮ ಹೊಲಿದ ತೆಳು ಅಂಗಿಯ ಮುಂದೆ ಅಂಗಡಿಯ ಯಾವ ಅಂಗಿಯೂ ನಿಲ್ಲಲಿಲ್ಲ. ರೇಷ್ಮೆ ಲಂಗ ಫೋಟೋ ತೆಗೆಯುವಷ್ಟು ಹೊತ್ತು ಮಾತ್ರ.

ಇನ್ನು ಹಾಲ್. ನಮ್ಮ ಕಡೆ ಧಾರೆ ಹೆಚ್ಚಾಗಿ ಅಭಿಜಿನ್ ಮುಹೂರ್ತಕ್ಕೆ, ಅಂದರೆ ನಡು ಮಧ್ಯಾಹ್ನಕ್ಕೆ. ಮಗಳು ಮಲಗುವುದೂ ಸರಿಯಾಗಿ ಅದೇ ಹೊತ್ತಿಗೆ. ಬಂದ ದಿನದಿಂದಲೇ ಬೆಳಿಗ್ಗೆ ಸ್ವಲ್ಪ ಬೇಗ ಎಬ್ಬಿಸುತ್ತಾ ಬಂದದ್ದರಿಂದ ಮದುವೆಯ ದಿನ ಹತ್ತು ಗಂಟೆಗೇ ನಿದ್ದೆಗೆ ಬಂದಳು. ಮದುಮಗಳ ಕೋಣೆಯ ಮೂಲೆಯಲ್ಲಿ ಚಾಪೆ ಹಾಸಿ, ಕೊಡೆಯ ಹಾಗೆ ಬಿಚ್ಚುವ ಸೊಳ್ಳೆಪರದೆ ಇಟ್ಟು ಮಲಗಿಸಿದೆ. ಮಂಚ ಬೇಡವೇ ಬೇಡ, ಮಗುಚುವ ಮಗು.

ಗಟ್ಟಿಮೇಳದ ಶಬ್ದ ದೊಡ್ಡವರ ಎದೆಯನ್ನೇ ನಡುಗಿಸುತ್ತದೆ. ವೇದಿಕೆಯ ಎರಡೂ ಬದಿ ಸ್ಪೀಕರ್ ಇರುತ್ತದೆ, ನೆಂಟರು ಪ್ರೀತಿಯಿಂದ ಕೂರಿಸುವುದೂ ಅದರ ಬುಡದಲ್ಲೇ. ಧಾರೆಗೆ ನಾನು ವೇದಿಕೆಯಲ್ಲಿ ಇರಲೇಬೇಕು, ನನ್ನ ಗಂಡ ಇಲ್ಲದಿದ್ದರೂ ಯಾರಿಗೂ ಗೊತ್ತಾಗುವುದಿಲ್ಲ. ಹಾಗಾಗಿ ಮಗುವಿನ ಕಿವಿಗೆ ಇಯರ್‌ಮಫ್ ಹಾಕಿ ಇವರು ಊಟದ ಹಾಲ್ ಕಡೆ ಹೋದರು. ಅಲ್ಲಿ ಬಾಳೆಲೆ ಹಾಕುವುದನ್ನು ನೋಡುತ್ತಾ ಮಗಳು ನಮಗಿಂತ ಖುಷಿಯಾಗಿದ್ದಳು.

ಸೀರೆಯ ಬಗ್ಗೆ ಯಾರೂ ಹೇಳಿಕೊಡುವುದಿಲ್ಲ. ರವಕೆಗೆ ಮುಂದೆ ಹುಕ್ಕು ಇಡಿಸಿದೆ, ಅಗಲ ಬಿಡಿಸಲು ಒಳಗೆ ಬಟ್ಟೆ ಉಳಿಸಲು ಟೈಲರ್‌ಗೆ ಹೇಳಿದೆ. ಹಾಲು ತುಂಬಿದಾಗ ಅಳತೆಯೇ ಬೇರೆ. ಸೆರಗನ್ನು ಹೆಗಲ ಮೇಲೆ ಪಿನ್ ಮಾಡಲಿಲ್ಲ, ಏಕೆಂದರೆ ಮಗು ತಲೆಯಿಡುವುದು ಅಲ್ಲೇ. ಜರಿಯ ಅಂಚು ಕೆನ್ನೆ ತರಚುತ್ತದೆ, ಆದ್ದರಿಂದ ಹೆಗಲಿಗೆ ಯಾವಾಗಲೂ ಒಂದು ಬಟ್ಟೆ. ಶಂಕರಪುರ ಮಲ್ಲಿಗೆ ಮುಡಿಯದೆ ಇರಲು ಮನಸ್ಸು ಬರಲಿಲ್ಲ. ಆದರೆ ಹೂವಿನ ಚೆಂಡನ್ನು ಹಿಂದಕ್ಕೆ, ಮಗುವಿನ ಕೈಗೆ ಎಟುಕದ ಹಾಗೆ ಕಟ್ಟಿಸಿಕೊಂಡೆ. ಸಿಕ್ಕಿದ್ದೆಲ್ಲ ಬಾಯಿಗೇ ಹೋಗುವ ವಯಸ್ಸು.

ತಿನ್ನಿಸಲು ಬೇಯಿಸಿದ ಮಣ್ಣಿ, ಅಂದರೆ ಮಗುವಿನ ಗಟ್ಟಿ ಗಂಜಿ, ಒಯ್ಯಲಿಲ್ಲ, ಆ ಸೆಕೆಗೆ ಹಳಸುತ್ತದೆ. ಫ್ಲಾಸ್ಕಿನಲ್ಲಿ ಕುಚ್ಚಲಕ್ಕಿ ಗಂಜಿಯ ಬಿಸಿ ತಿಳಿ, ಜೊತೆಗೆ ಒಂದು ಬಾಳೆಹಣ್ಣು. ಉಳಿದದ್ದಕ್ಕೆ ಅಡುಗೆ ಕೋಣೆಗೇ ಹೋದೆ. "ಭಟ್ರೇ, ಉಪ್ಪು ಹಾಕುವ ಮೊದಲು ಒಂದು ಸೌಟು ಬೇಳೆ ತೆಗೆದಿಡ್ತೀರಾ, ಮಗುವಿಗೆ?" ಎಂದೆ. ಅಷ್ಟು ಜನರ ಊಟದ ಗಡಿಬಿಡಿಯಲ್ಲೂ ಅವರು ಸ್ಟೀಲ್ ಲೋಟದಲ್ಲಿ ಬೇಳೆ, ಅದರ ಮೇಲೆ ಮೆತ್ತಗಿನ ಅನ್ನ ಇಟ್ಟು ಮುಚ್ಚಿ ಕೊಟ್ಟರು. ಕೇಳಿದರೆ ಇಲ್ಲ ಎನ್ನುವ ಭಟ್ರು ಕಡಿಮೆ. ಕೇಳಲು ಬೆಳಿಗ್ಗೆಯೇ ಹೋಗಬೇಕು ಅಷ್ಟೆ.

ಎಲ್ಲಕ್ಕಿಂತ ಕಷ್ಟ ಪ್ರೀತಿಯ ಕೈಗಳು. "ಒಮ್ಮೆ ಕೊಡು ಮಾರಾಯ್ತಿ, ನಾನೇನು ತಿನ್ನುತ್ತೇನಾ?" ಎನ್ನುವ ಅತ್ತೆಯಂದಿರು, ಮುಖಕ್ಕೇ ಮುತ್ತು ಕೊಡುವವರು, ಪಾಯಸಕ್ಕೆ ಬೆರಳು ಅದ್ದಿ ಬಾಯಿಗಿಡಲು ಬರುವವರು. ಪಾಯಸದಲ್ಲಿ ಗೋಡಂಬಿ ಇರುತ್ತದೆ, ಗಂಟಲಲ್ಲಿ ಸಿಕ್ಕಿಕೊಂಡರೆ ಕಥೆ ಮುಗಿಯಿತು. ಜೇನು ಒಂದು ವರ್ಷ ತುಂಬುವವರೆಗೆ ನೆಕ್ಕಿಸಲೂ ಬಾರದು, ಅದರಿಂದ ಬೊಟುಲಿಸಂ ಎಂಬ ವಿಷಬಾಧೆ ಬರುವ ಅಪಾಯವಿದೆ. ಹಿರಿಯರ ಹತ್ತಿರ ಇದನ್ನೆಲ್ಲ ವಾದಿಸಿ ಗೆಲ್ಲಲು ಆಗುವುದಿಲ್ಲ, ಗೆಲ್ಲಬೇಕೆಂದೂ ಇಲ್ಲ. "ಡಾಕ್ಟ್ರು ಬೇಡ ಅಂದಿದ್ದಾರೆ ದೊಡ್ಡಮ್ಮ" ಎಂದರೆ ಮುಗಿಯಿತು. ಎತ್ತಿಕೊಳ್ಳಲು ಬರುವವರಿಗೆ ಇದಕ್ಕಿಂತ ಒಳ್ಳೆಯ ಮಾತು ಒಂದುಂಟು: "ಈಗಷ್ಟೇ ಹಾಲು ಕುಡಿದಿದ್ದಾಳೆ, ಕಕ್ಕುತ್ತಾಳೋ ಏನೋ." ಕಾಂಜೀವರಂ ಉಟ್ಟವರು ಯಾರೂ ಎರಡನೇ ಸಲ ಕೇಳಲಿಲ್ಲ. ಹಾಗೆಂದು ಯಾರಿಗೂ ಕೊಡದೆ ಇದ್ದೆನೆಂದಲ್ಲ. ಅಜ್ಜಿ ಕೈತೊಳೆದು ಬಂದು ಕಾಲುಚಾಚಿ ಕೂತರು, ಅವರ ಮಡಿಲಲ್ಲಿ ಮಲಗಿಸಿ ನಾನು ಮೊದಲ ಪಂಕ್ತಿಯಲ್ಲೇ ಊಟ ಮುಗಿಸಿದೆ. ಹಾಲುಣಿಸುವ ತಾಯಿ ಕೊನೆಯ ಪಂಕ್ತಿಗೆ ಕಾಯುವುದರಲ್ಲಿ ಏನೂ ಅರ್ಥವಿಲ್ಲ.

ಮುನ್ನಾದಿನ ರಾತ್ರಿಯ ಮೆಹಂದಿಗೆ ನಾವು ಸಂಜೆಯೇ ಹೋಗಿ ಡಿಜೆ ಶುರುವಾಗುವ ಮೊದಲು ಮನೆಗೆ ಬಂದಿದ್ದೆವು. ಬೀಗರ ಊಟವನ್ನು ಬಿಟ್ಟೇಬಿಟ್ಟೆವು. ಮೂರಕ್ಕೂ ಹೋಗಬೇಕೆಂದು ಹಟ ಹಿಡಿದರೆ ಒಂದೂ ನೆಮ್ಮದಿಯಾಗಿ ಆಗುವುದಿಲ್ಲ. ದೊಡ್ಡಪ್ಪನಿಗೆ ಇದನ್ನು ಊರಿಗೆ ಬಂದ ದಿನವೇ ಹೇಳಿಟ್ಟಿದ್ದರಿಂದ ಬೇಸರಕ್ಕೆ ಜಾಗವಿರಲಿಲ್ಲ. ಬೀಗರ ಊಟದ ಹೋಳಿಗೆ ಮರುದಿನ ಡಬ್ಬಿಯಲ್ಲಿ ಮನೆಗೇ ಬಂತು.