ಸಿಸ್ಟರ್ ಸಿಟಿ ಸಮಿತಿಗೆ ಪದಾಧಿಕಾರಿಗಳನ್ನು ಆರಿಸುವ ಬಗೆ

ಎರಡು ದೇಶಗಳ ಎರಡು ಊರುಗಳು ಒಪ್ಪಂದ ಮಾಡಿಕೊಂಡು ಸ್ನೇಹದ ನಂಟು ಬೆಳೆಸಿದರೆ ಅವು ಸಿಸ್ಟರ್ ಸಿಟಿಗಳು; ಆ ನಂಟನ್ನು ನಡೆಸಿಕೊಂಡು ಹೋಗುವ ನಾಗರಿಕರ ತಂಡವೇ ಸಿಸ್ಟರ್ ಸಿಟಿ ಸಮಿತಿ. ಪುಣೆ ಮತ್ತು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ 1992ರಿಂದ ಸಿಸ್ಟರ್ ಸಿಟಿಗಳು. ಮುಂಬೈಗೆ ಜಪಾನಿನ ಯೊಕೊಹಾಮಾ ಜೊತೆ 1965ರಿಂದ, ಜರ್ಮನಿಯ ಸ್ಟುಟ್‌ಗಾರ್ಟ್ ಜೊತೆ 1968ರಿಂದ ಈ ನಂಟಿದೆ. ಒಪ್ಪಂದಕ್ಕೆ ಊರಿನ ಪರವಾಗಿ ಸಹಿ ಹಾಕುವವರು ಮಹಾಪೌರರು. ಆದರೆ ಮಹಾರಾಷ್ಟ್ರದಲ್ಲಿ ಮಹಾಪೌರರ ಅವಧಿ ಎರಡೂವರೆ ವರ್ಷ ಮಾತ್ರ. 2022ರ ಮಾರ್ಚ್‌ನಲ್ಲಿ ಪುಣೆ, ಮುಂಬೈ ಎರಡೂ ಪಾಲಿಕೆಗಳ ಅವಧಿ ಮುಗಿದ ಮೇಲೆ ಮೂರು ವರ್ಷಕ್ಕೂ ಹೆಚ್ಚು ಕಾಲ ಮಹಾಪೌರರೇ ಇರಲಿಲ್ಲ. ಎಲ್ಲವೂ ಆಡಳಿತಾಧಿಕಾರಿಯ ಕೈಯಲ್ಲಿತ್ತು. ಮಹಾಪೌರರ ಕಚೇರಿಯನ್ನೇ ನೆಚ್ಚಿಕೊಂಡ ಸಮಿತಿ ಇಂಥ ಹೊತ್ತಿನಲ್ಲಿ ಮಲಗಿಬಿಡುತ್ತದೆ. ಹಾಗಾಗಿ ಪದಾಧಿಕಾರಿಗಳನ್ನು ಆರಿಸುವಾಗ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ: ನಾಳೆ ಪಾಲಿಕೆಯಲ್ಲಿ ನಮ್ಮ ಪರಿಚಯದವರು ಒಬ್ಬರೂ ಇಲ್ಲದಿದ್ದರೆ ಈ ತಂಡ ಪತ್ರಕ್ಕೆ ಉತ್ತರ ಬರೆದೀತೇ?

ಪುಣೆ, ಮುಂಬೈಯ ಕನ್ನಡಿಗರಿಗೆ ಸಂಘ ನಡೆಸುವುದು ಹೊಸತಲ್ಲ. ರಾಜ್ಯೋತ್ಸವ, ನಾಟಕ, ಶಾಲೆ ಎಂದು ಮೂರು ತಲೆಮಾರಿನ ಅನುಭವ ಇದೆ. ಆ ಅನುಭವ ಇಲ್ಲಿ ಬಲ. ಅದೇ ಅಭ್ಯಾಸ ಒಂದು ಅಡ್ಡಿಯೂ ಹೌದು. ಸಿಸ್ಟರ್ ಸಿಟಿ ಸಮಿತಿ ಇಡೀ ಊರಿನದು. ಒಂಬತ್ತು ಜನರಲ್ಲಿ ಏಳು ಜನ ಒಂದೇ ಸಂಘದವರಾದರೆ ಪಾಲಿಕೆ ಅದನ್ನು ಕನ್ನಡದವರ ಕಾರ್ಯಕ್ರಮ ಎಂದು ಬದಿಗಿಡುತ್ತದೆ. ನಮ್ಮ ಸಲಹೆ: ಕನ್ನಡಿಗರು ಮೂವರಿಗಿಂತ ಹೆಚ್ಚು ಬೇಡ. ಉಳಿದವರು ಮರಾಠಿಗರು, ಗುಜರಾತಿಗಳು, ಊರಲ್ಲಿ ನೆಲೆಸಿದ ಬೇರೆಯವರು ಆಗಿರಲಿ.

ಎದುರು ಬದಿಯಲ್ಲಿ ಯಾರಿದ್ದಾರೆ ಎಂದು ತಿಳಿಯದೆ ಇಲ್ಲಿ ಯಾರು ಬೇಕೆಂದು ಹೇಳಲಾಗದು. ಅಮೆರಿಕದಲ್ಲಿ ಅಧ್ಯಕ್ಷ ಐಸೆನ್‌ಹೋವರ್ 1956ರಲ್ಲಿ ಶ್ವೇತಭವನದಲ್ಲಿ ಕರೆದ ಸಮ್ಮೇಳನದಿಂದ ಈ ಚಳವಳಿ ಬೆಳೆಯಿತು. ಅಲ್ಲಿ ಇದು ಹೆಚ್ಚಾಗಿ ನಾಗರಿಕ ಸ್ವಯಂಸೇವಕರ ಕೆಲಸ. ಸ್ಯಾನ್ ಹೋಸೆಯ ಕಡೆಯವರು ದಿನವಿಡೀ ತಮ್ಮ ನೌಕರಿ ಮಾಡಿ ರಾತ್ರಿ ಇಲ್ಲವೇ ವಾರಾಂತ್ಯದಲ್ಲಿ ಉತ್ತರಿಸುತ್ತಾರೆ. ಜಪಾನ್, ಜರ್ಮನಿಯಲ್ಲಿ ಮಾತಾಡಬೇಕಾದದ್ದು ನಗರಾಡಳಿತದ ಅಂತರರಾಷ್ಟ್ರೀಯ ವಿಭಾಗದ ನೌಕರರೊಂದಿಗೆ. ಜಪಾನಿನಲ್ಲಿ ಏಪ್ರಿಲ್‌ನಲ್ಲಿ ಹೊಸ ಆರ್ಥಿಕ ವರ್ಷ ಶುರುವಾಗುವಾಗ ಸಿಬ್ಬಂದಿಯ ವರ್ಗಾವಣೆ ಆಗುತ್ತದೆ. ಮಾರ್ಚ್ ಕೊನೆಯಲ್ಲಿ ಕಳಿಸಿದ ಪತ್ರ ಯಾರ ಮೇಜಿನ ಮೇಲೂ ಇರುವುದಿಲ್ಲ. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗೆ ಅಲ್ಲಿ ಸಾಲುಸಾಲು ರಜೆ, ಆಗಸ್ಟ್ ಮಧ್ಯದಲ್ಲಿ ಮತ್ತೊಮ್ಮೆ. ಮುಖ್ಯ ಪತ್ರವನ್ನು ಮೇ ಎರಡನೇ ವಾರಕ್ಕೆ ಇಟ್ಟುಕೊಳ್ಳಿ.

ಈಗ ಸಂಖ್ಯೆ. ಸಮಿತಿಯನ್ನು 1860ರ ಸೊಸೈಟಿ ನೋಂದಣಿ ಕಾಯ್ದೆಯಡಿ ನೋಂದಾಯಿಸಲು ಕನಿಷ್ಠ ಏಳು ಜನ ಬೇಕು. ಮಹಾರಾಷ್ಟ್ರದಲ್ಲಿ ಅದೇ ಸಂಸ್ಥೆ ಸಾರ್ವಜನಿಕ ನ್ಯಾಸಗಳ ಕಾಯ್ದೆಯಡಿಯೂ ನೋಂದಾಯಿಸಬೇಕು, ಅಂದರೆ ಧರ್ಮಾದಾಯ ಆಯುಕ್ತರ (ಚಾರಿಟಿ ಕಮಿಷನರ್) ಕಚೇರಿಯ ಕಡತ ಶುರುವಾಯಿತು ಎಂದೇ ಅರ್ಥ. ಏಳಕ್ಕೆ ನಿಂತರೆ ಒಬ್ಬರು ರಾಜೀನಾಮೆ ಕೊಟ್ಟರೂ ಕಷ್ಟ. ಒಂಬತ್ತು ಸರಿಯಾದ ಸಂಖ್ಯೆ: ಬೆಸಸಂಖ್ಯೆಯಾದ್ದರಿಂದ ಮತ ಸಮವಾಗಿ ಒಡೆಯುವುದಿಲ್ಲ, ಐವರು ಬಂದರೆ ಕೋರಂ. ಹದಿನೈದಕ್ಕೆ ಏರಿಸಿದರೆ ಕೆಲಸ ಮಾಡುವವರು ಮತ್ತದೇ ಐವರು, ಫೋಟೋಕ್ಕೆ ಮಾತ್ರ ಹದಿನೈದು.

ಅಧ್ಯಕ್ಷರಾಗಿ ಹಾಲಿ ನಗರಸೇವಕರನ್ನೋ (ಪಾಲಿಕೆ ಸದಸ್ಯರು) ರಾಜಕೀಯ ಪಕ್ಷದ ಪದಾಧಿಕಾರಿಯನ್ನೋ ಕೂರಿಸಬೇಡಿ. ಇದು ಬರೀ ರಾಜಕೀಯದ ಮುಜುಗರದ ಮಾತಲ್ಲ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, ಅಂದರೆ ಎಲ್ಲರೂ ಹೇಳುವ ಎಫ್‌ಸಿಆರ್‌ಎ, ನಗರಪಾಲಿಕೆಯನ್ನೂ ಶಾಸನ ಸಭೆಗಳ ಪಟ್ಟಿಯಲ್ಲಿ ಸೇರಿಸಿದೆ. ಅದರ ಸದಸ್ಯರು ವಿದೇಶಿ ದೇಣಿಗೆ ಪಡೆಯುವಂತಿಲ್ಲ. ಹೊರದೇಶಕ್ಕೆ ಹೋದಾಗ ಅಲ್ಲಿನವರ ಖರ್ಚಿನಲ್ಲಿ ಊಟ, ವಸತಿ, ಪ್ರಯಾಣ ಸ್ವೀಕರಿಸಬೇಕಿದ್ದರೆ ಕೇಂದ್ರ ಗೃಹ ಸಚಿವಾಲಯದ ಪೂರ್ವಾನುಮತಿ ಬೇಕು. ಅದಕ್ಕೆ ಎಫ್‌ಸಿ-2 ಅರ್ಜಿ. ಆಹ್ವಾನ ಪತ್ರದೊಂದಿಗೆ ಹೊರಡುವುದಕ್ಕೆ ಎರಡು ವಾರ ಮೊದಲಾದರೂ ತಲುಪಿರಬೇಕು. ಸರಕಾರಿ ನೌಕರರಿಗೂ ಇದೇ ನಿಯಮ. ನಿಯೋಗದ ಟಿಕೆಟ್ ಆದ ಮೇಲೆ ಇದು ನೆನಪಾಗಿ ಇಬ್ಬರು ಹಿಂದೆ ಉಳಿಯುವ ಪ್ರಸಂಗ ಬರುತ್ತದೆ. ಮಹಾಪೌರರು ಪದನಿಮಿತ್ತ ಗೌರವಾಧ್ಯಕ್ಷರಾಗಿರಲಿ, ಮತವಾಗಲಿ ಬ್ಯಾಂಕ್ ಸಹಿಯಾಗಲಿ ಬೇಡ. ಕೆಲಸದ ಅಧ್ಯಕ್ಷರಿಗೆ ಬೇಕಾದದ್ದು ಸಭೆಯನ್ನು ಒಂದೂವರೆ ಗಂಟೆಯಲ್ಲಿ ಮುಗಿಸುವ ಗಟ್ಟಿತನ, ಯಾವ ಬಣದವರಾದರೂ ಅವರ ಫೋನ್ ಎತ್ತುವಷ್ಟು ವಿಶ್ವಾಸ. ಭಾಷಣ ಯಾರಾದರೂ ಮಾಡಿಯಾರು.

ಸಮಿತಿ ನಿಜವಾಗಿ ನಿಲ್ಲುವುದು ಕಾರ್ಯದರ್ಶಿಯ ಮೇಲೆ. ನಿವೃತ್ತರನ್ನೇ ಈ ಜಾಗಕ್ಕೆ ಹುಡುಕುವ ರೂಢಿ ಇದೆ, ಸಮಯ ಇರುತ್ತದೆಂದು. ಆದರೆ ಹಿಂಜವಡಿಯ ಐಟಿ ಕಂಪನಿಯಲ್ಲಿ ದಿನವೂ ಅಮೆರಿಕದ ಕ್ಲೈಂಟ್ ಜೊತೆ ಮಾತಾಡುವ ಮೂವತ್ತೈದರ ಹುಡುಗ ಅಥವಾ ಹುಡುಗಿಗೆ ಈ ಕೆಲಸದ ಅರ್ಧ ಆಗಲೇ ಗೊತ್ತಿರುತ್ತದೆ. ಸಮಯದ ಲೆಕ್ಕವೇ ನೋಡಿ: ಬೇಸಿಗೆಯಲ್ಲಿ ಸ್ಯಾನ್ ಹೋಸೆ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹದಿಮೂರೂವರೆ. ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೆ, ಹಿಂದೆ ಮಾಡುವುದು ಮಾರ್ಚ್ ಎರಡನೇ ಭಾನುವಾರ ಮತ್ತು ನವೆಂಬರ್ ಮೊದಲ ಭಾನುವಾರ. ಸ್ಟುಟ್‌ಗಾರ್ಟ್ ಬೇಸಿಗೆಯಲ್ಲಿ ಮೂರೂವರೆ, ಚಳಿಯಲ್ಲಿ ನಾಲ್ಕೂವರೆ ಗಂಟೆ ಹಿಂದೆ. ಅಲ್ಲಿ ಬದಲಾವಣೆ ಮಾರ್ಚ್, ಅಕ್ಟೋಬರ್ ಕೊನೆಯ ಭಾನುವಾರಗಳಂದು. ಯೊಕೊಹಾಮಾ ವರ್ಷವಿಡೀ ಮೂರೂವರೆ ಗಂಟೆ ಮುಂದೆ. ನಮ್ಮ ಭಾನುವಾರ ಬೆಳಿಗ್ಗೆ ಎಂಟೂವರೆ ಎಂದರೆ ಸ್ಯಾನ್ ಹೋಸೆಯಲ್ಲಿ ಶನಿವಾರ ರಾತ್ರಿ ಎಂಟು, ಚಳಿಗಾಲದಲ್ಲಿ ಏಳು. ಹಾಗಾಗಿ ಸಭೆಯ ಪತ್ರದಲ್ಲಿ ಎರಡೂ ಊರಿನ ವಾರ, ತಾರೀಖು, ಗಂಟೆ ಮೂರನ್ನೂ ಬರೆಯಬೇಕು. ತಿಂಗಳನ್ನು ಅಂಕಿಯಲ್ಲಿ ಬರೆಯಲೇಬಾರದು: 5/8 ಎಂದರೆ ನಮಗೆ ಆಗಸ್ಟ್ ಐದು, ಅವರಿಗೆ ಮೇ ಎಂಟು.

ಕಾರ್ಯದರ್ಶಿ ಬರೆಯುವ ಯಾವ ಪತ್ರದಲ್ಲೂ ಪಾಲಿಕೆಯ ಲಾಂಛನ ಇರಬಾರದು. ಊರಿನ ಹೆಸರಲ್ಲಿ ಮಾತು ಕೊಡುವ ಅಧಿಕಾರ ಸಮಿತಿಗಿಲ್ಲ. ಹೊಸ ಒಪ್ಪಂದವಾಗಬೇಕಿದ್ದರೆ ಪಾಲಿಕೆಯ ಸಾಮಾನ್ಯ ಸಭೆಯ ಠರಾವು, ರಾಜ್ಯ ಸರಕಾರದ ಮತ್ತು ವಿದೇಶಾಂಗ ಸಚಿವಾಲಯದ ಒಪ್ಪಿಗೆ ಬೇಕು. ಉತ್ಸಾಹದಲ್ಲಿ ಒಬ್ಬ ಪದಾಧಿಕಾರಿ ಇನ್ನೊಂದು ಊರಿಗೆ ‘ನೀವೂ ನಮ್ಮ ಸಿಸ್ಟರ್ ಸಿಟಿ’ ಎಂದು ಬರೆದರೆ ಅದನ್ನು ಹಿಂತೆಗೆಯಲು ತಿಂಗಳುಗಳೇ ಬೇಕಾಗುತ್ತವೆ. ಪಾಲಿಕೆಗೆ ಬರೆಯುವ ಪತ್ರ ಮಾತ್ರ ಮರಾಠಿಯಲ್ಲೇ ಇರಲಿ. ಇದಕ್ಕೆ ಮರಾಠಿ ಶಾಲೆಯಲ್ಲಿ ಓದಿದ ಕನ್ನಡಿಗರೋ ಪಾಲಿಕೆಯಿಂದ ನಿವೃತ್ತರಾದ ಅಧಿಕಾರಿಯೋ ಸಂಪರ್ಕ ಸಂಚಾಲಕರಾದರೆ ಚೆನ್ನ. ಯಾವ ಕಡತ ಯಾವ ಮಹಡಿಯಲ್ಲಿ ನಿಂತಿದೆ ಎಂದು ಅವರಿಗೆ ಗೊತ್ತಿರುತ್ತದೆ.

ಖಜಾಂಚಿಯ ವಿಷಯದಲ್ಲಿ ಮುಲಾಜು ಬೇಡ, ಲೆಕ್ಕ ಗೊತ್ತಿದ್ದವರೇ ಬೇಕು. ಸ್ಯಾನ್ ಹೋಸೆಯಲ್ಲಿ ಕನ್ನಡಿಗರು ಬೇಕಾದಷ್ಟಿದ್ದಾರೆ, ‘ನಮ್ಮವರೇ ತಾನೆ, ಐವತ್ತು ಸಾವಿರ ಕಳಿಸ್ತಾರೆ’ ಎಂಬ ಮಾತು ಮೊದಲ ಸಭೆಯಲ್ಲೇ ಬರುತ್ತದೆ. ಕಳಿಸುವವರ ಬಳಿ ಭಾರತದ ಪಾಸ್‌ಪೋರ್ಟ್ ಇದ್ದು, ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಅವರು ಅಮೆರಿಕದ ಪೌರತ್ವ ಪಡೆದಿದ್ದರೆ, ಕೈಯಲ್ಲಿ ಒಸಿಐ ಕಾರ್ಡ್ (ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಭಾರತ ಕೊಡುವ ಕಾರ್ಡ್) ಇದ್ದರೂ, ರೂಪಾಯಿಯಲ್ಲೇ ಕೊಟ್ಟರೂ ಅದು ವಿದೇಶಿ ದೇಣಿಗೆಯೇ. ಪ್ರತಿ ದಾನಿಯಿಂದ ಪೌರತ್ವದ ಒಂದು ಸಾಲಿನ ಘೋಷಣೆ ಪಡೆದು ರಸೀದಿಗೆ ಲಗತ್ತಿಸಿ.

ಎಫ್‌ಸಿಆರ್‌ಎ ನೋಂದಣಿಗೆ ಸಂಸ್ಥೆಗೆ ಮೂರು ವರ್ಷವಾಗಿರಬೇಕು, ಆ ಮೂರು ವರ್ಷದಲ್ಲಿ ಉದ್ದೇಶಿತ ಕೆಲಸಕ್ಕೆ 15 ಲಕ್ಷ ರೂಪಾಯಿ ಖರ್ಚಾಗಿರಬೇಕು. ಹಣ ಮೊದಲು ಬಂದಿಳಿಯಬೇಕಾದದ್ದು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ. 2020ರ ತಿದ್ದುಪಡಿಯ ನಂತರ ಆಡಳಿತ ವೆಚ್ಚ ಆ ಹಣದ ಶೇಕಡಾ 20 ಮೀರುವಂತಿಲ್ಲ, ಇನ್ನೊಂದು ಸಂಸ್ಥೆಗೆ ಅದನ್ನು ದಾಟಿಸುವಂತಿಲ್ಲ. ವಾರ್ಷಿಕ ವರದಿ ಎಫ್‌ಸಿ-4 ಡಿಸೆಂಬರ್ 31ರೊಳಗೆ. ಇಷ್ಟೆಲ್ಲ ನೋಡಿದರೆ ಸಣ್ಣ ಸಮಿತಿಗೆ ನಮ್ಮ ಅಭಿಪ್ರಾಯ ಒಂದೇ: ಮೊದಲ ಮೂರು ವರ್ಷ ಹೊರಗಿನ ಹಣದ ಗೊಡವೆಯೇ ಬೇಡ. ಅವರ ಖರ್ಚು ಅವರು ನೋಡಿಕೊಳ್ಳಲಿ, ಇಲ್ಲಿನ ಖರ್ಚು ಇಲ್ಲಿನ ವಂತಿಗೆಯಿಂದ ಆಗಲಿ.

ಆತಿಥ್ಯ ಸಂಚಾಲಕರ ಕೆಲಸ ಹಾರ, ಶಾಲು, ಪೇಟಕ್ಕೆ ಮುಗಿಯುವುದಿಲ್ಲ. ವಿದೇಶಿ ಅತಿಥಿ ಸದಸ್ಯರ ಮನೆಯಲ್ಲಿ ಉಳಿದರೆ 24 ಗಂಟೆಯೊಳಗೆ ಮನೆಯವರು ಅವರ ವಿವರವನ್ನು ಆನ್‌ಲೈನ್‌ನಲ್ಲಿ ಸಲ್ಲಿಸಬೇಕು; ಜನ ಇದನ್ನು ಫಾರ್ಮ್ ಸಿ ಎಂದೇ ಕರೆಯುತ್ತಾರೆ. ಲಾಗಿನ್ ಮೊದಲೇ ಮಾಡಿಸಿಡದಿದ್ದರೆ ಅತಿಥಿ ಬಂದ ರಾತ್ರಿ ಓಟಿಪಿಗೆ ಕಾಯುತ್ತ ಕೂರಬೇಕಾಗುತ್ತದೆ. ಗಣೇಶೋತ್ಸವದ ಹತ್ತು ದಿನ ಪುಣೆಗೆ ನಿಯೋಗ ಕರೆಸುವ ಆಸೆ ಎಲ್ಲರಿಗೂ ಇರುತ್ತದೆ. ಕರೆಸಿ, ಆದರೆ ಹಳೆಯ ಊರಿನ ಪೇಠೆಗಳೊಳಗಿನ ಮನೆಯಲ್ಲಿ ಇಳಿಸಬೇಡಿ, ವಿಸರ್ಜನೆಯ ದಿನ ಕಾರು ಹೊರಡುವುದೇ ಇಲ್ಲ. ಜಪಾನಿನವರು ಬಂದರೆ ಸಿಂಹಗಡ ರಸ್ತೆಯ ಪು.ಲ. ದೇಶಪಾಂಡೆ ಉದ್ಯಾನಕ್ಕೆ ಒಂದು ಬೆಳಿಗ್ಗೆ ಮೀಸಲಿಡಿ. ಒಕಾಯಾಮಾದ ಕೊರಾಕುಯೆನ್ ಮಾದರಿಯಲ್ಲಿ ಮಾಡಿದ ತೋಟ ಅದು.

ಚುನಾವಣೆಯ ನಿಯಮವನ್ನು ಘಟನೆಯಲ್ಲೇ, ಅಂದರೆ ಬೈಲಾದಲ್ಲೇ, ಬರೆದಿಡಿ. ಅವಧಿ ಮೂರು ವರ್ಷ, ಪ್ರತಿ ವರ್ಷ ಮೂವರು ನಿವೃತ್ತಿ, ಒಂದೇ ಹುದ್ದೆಯಲ್ಲಿ ಸತತ ಎರಡು ಅವಧಿಗಿಂತ ಹೆಚ್ಚಿಲ್ಲ. ಬ್ಯಾಂಕಿಗೆ ಸಹಿ ಹಾಕುವ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಮೂವರೂ ಒಂದೇ ವರ್ಷ ಇಳಿಯದಂತೆ ಸರದಿ ಹಾಕಿ. ಏಕೆಂದರೆ ಪದಾಧಿಕಾರಿ ಬದಲಾದ 90 ದಿನದೊಳಗೆ ಧರ್ಮಾದಾಯ ಆಯುಕ್ತರಿಗೆ ಚೇಂಜ್ ರಿಪೋರ್ಟ್ ಸಲ್ಲಿಸಬೇಕು, ಅದು ಮಂಜೂರಾಗುವವರೆಗೆ ಹೊಸ ಸಹಿ ಸೇರಿಸಲು ಬ್ಯಾಂಕು ಹಿಂದೇಟು ಹಾಕಬಹುದು. ಮೂವರೂ ಹೊಸಬರಾದರೆ ಖಾತೆಯಲ್ಲಿ ಹಣ ಇದ್ದೂ ಸಭಾಂಗಣದ ಬಾಡಿಗೆ ಕಟ್ಟಲಾಗದು. ಈ ಸರದಿಯಿಂದ ಪ್ರತಿ ವರ್ಷವೂ ಚೇಂಜ್ ರಿಪೋರ್ಟಿನ ತಲೆನೋವು ಇದ್ದದ್ದೇ, ಆದರೂ ಈ ವ್ಯವಸ್ಥೆಯೇ ವಾಸಿ.

ಚೇಂಜ್ ರಿಪೋರ್ಟ್ ಸಿಕ್ಕಿಬೀಳುವುದು ಹೆಚ್ಚಾಗಿ ಸಭೆಯ ಕಾಗದಪತ್ರದ ಕೊರತೆಯಿಂದ. ನೋಟಿಸು ಎಲ್ಲ ಸದಸ್ಯರಿಗೂ ತಲುಪಿದ್ದಕ್ಕೆ ಪುರಾವೆ, ಹಾಜರಿ ಪುಸ್ತಕದ ಸಹಿ, ಠರಾವಿನಲ್ಲಿ ಸೂಚಿಸಿದವರ ಮತ್ತು ಅನುಮೋದಿಸಿದವರ ಹೆಸರು, ಇಳಿದವರ ರಾಜೀನಾಮೆ ಅಥವಾ ಅವಧಿ ಮುಗಿದ ಉಲ್ಲೇಖ, ಹೊಸಬರ ಒಪ್ಪಿಗೆ ಪತ್ರ: ಇವು ಆ ದಿನವೇ ಒಂದು ಫೈಲಿಗೆ ಸೇರಬೇಕು. ವಾಟ್ಸಾಪ್‌ನಲ್ಲಿ ಬಂದ ‘ಓಕೆ’ ಒಪ್ಪಿಗೆ ಪತ್ರವಾಗುವುದಿಲ್ಲ.

ಇಳಿಯುವ ಕಾರ್ಯದರ್ಶಿ ಒಂದು ತಿಂಗಳು ಹೊಸಬರ ಜೊತೆ ಇದ್ದು, ಎದುರು ಊರಿನ ಪ್ರತಿಯೊಬ್ಬರಿಗೂ ಪರಿಚಯದ ಪತ್ರ ಬರೆಯಬೇಕು. ಇ-ಮೇಲ್ ಯಾರ ಸ್ವಂತ ಹೆಸರಿನಲ್ಲೂ ಇರಬಾರದು, ಹುದ್ದೆಯ ಹೆಸರಿನಲ್ಲಿರಲಿ. ಅದಕ್ಕೆ ಜೋಡಿಸಿದ ಮೊಬೈಲ್ ಸಿಮ್ಮೂ ಸಮಿತಿಯದ್ದೇ ಆಗಿರಲಿ. ಇಲ್ಲವಾದರೆ ಹಳೆಯ ಕಾರ್ಯದರ್ಶಿ ನಂಬರ್ ಬದಲಿಸಿದ ದಿನ ಹೊಸಬರಿಗೆ ಪಾಸ್‌ವರ್ಡ್ ಬದಲಿಸುವ ದಾರಿಯೂ ಮುಚ್ಚಿಹೋಗುತ್ತದೆ.